ಅತ್ತಿಗೆಯ ಅಂಗೈ ಮೇಲಿನ ಆದಿತಾಳ

ಮೊನ್ನೆ ಎಳೆ ಸೌತೆಕಾಯಿ ಹೆಚ್ಚುತ್ತಿದ್ದೆ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಸಿಕ್ಕಿರುವ ಖಾತೆ ಇದೊಂದೇ, ತರಕಾರಿ ಹೆಚ್ಚುವುದು. ತುದಿ ಕತ್ತರಿಸಿ, ಉಜ್ಜಿ ಕಹಿ ತೆಗೆಯುವಾಗ ಆ ಹಸಿ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಆಲ್ದೂರಿನ ನಮ್ಮ ಅಡುಗೆಮನೆಯಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಯಾವುದೋ ಶಾಲಾ ಮೈದಾನದ ಚಪ್ಪರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬೆವರು ಒರೆಸಿಕೊಳ್ಳುತ್ತ ಕೂತಿದ್ದೇನೆ. ಒಂದು ಕೈಯಲ್ಲಿ ದೊನ್ನೆ ತುಂಬ ಕೋಸಂಬರಿ. ಇನ್ನೊಂದು ಕೈ ನನ್ನದೇ ಆದರೂ ನನ್ನ ವಶದಲ್ಲಿಲ್ಲ, ಅತ್ತಿಗೆಯ ಸೇವೆಯಲ್ಲಿದೆ. ಆ ಕೈಯ ಕಥೆ ಹೇಳಬೇಕು. ಹೇಳಲು ಉತ್ಸಾಹವೇನೂ ಇಲ್ಲ, ಈ ವಯಸ್ಸಿಗೆ ನೆನಪು ಮಾಡಿಕೊಳ್ಳುವುದೂ ಒಂದು ಸುಸ್ತು. ಆದರೂ ನೀವು ಬಂದಿದ್ದೀರಿ, ಕೂತುಕೊಳ್ಳಿ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಮೈಸೂರಿನಲ್ಲಿ ಎಂಟು ವರ್ಷ ಸಂಗೀತ ಕಲಿತು, ಮದುವೆಯಾಗಿ ನಮ್ಮ ಕಾಫಿ ತೋಟಕ್ಕೆ ಬಂದವರು. ನಮ್ಮಲ್ಲಿ ಶ್ರುತಿ ಎಂದರೆ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಶಬ್ದ, ತಾಳ ಎಂದರೆ ಬೆಳಿಗ್ಗೆ ಆಳುಗಳನ್ನು ಕರೆಯಲು ಮೇಸ್ತ್ರಿ ಬಡಿಯುವ ಕಬ್ಬಿಣದ ತುಂಡು. ಬಂದ ವರ್ಷವೇ ಅತ್ತಿಗೆ ಅಣ್ಣನ ಹತ್ತಿರ ಒಂದು ಕರಾರು ಮಾಡಿಕೊಂಡರಂತೆ. "ವರ್ಷಕ್ಕೊಂದ್ ಸಲ, ಬೇಸಿಗೇಲಿ, ಬೆಂಗ್ಳೂರಲ್ಲಿ ದೊಡ್ಡೋರ ಕಚೇರಿ ಕೇಳಿಸ್ಬೇಕು. ಬಾಕಿ ದಿನ ನೀವು ಹೇಳಿದ ಹಾಗೆ ಇರ್ತೀನಿ." ಬಾಕಿ ದಿನ ಅಣ್ಣನೇ ಅವರು ಹೇಳಿದ ಹಾಗೆ ಇದ್ದ, ಅದು ಬೇರೆ ಮಾತು. ಆದರೆ ರಾಮನವಮಿಯ ಕಚೇರಿಗಳು ಶುರುವಾಗುವುದೂ, ಕಾಫಿಗೆ ಹೂಮಳೆ ಬೀಳಬೇಕಾದ್ದೂ ಒಂದೇ ಕಾಲ. ಆ ಮಳೆ ಬಿದ್ದು ಗಿಡ ಬೆಳ್ಳಗಾಗುವ ತನಕ ಅಣ್ಣ ಆಕಾಶ ಬಿಟ್ಟು ಬೇರೇನನ್ನೂ ನೋಡುವವನಲ್ಲ. ಹಾಗಾಗಿ ಅತ್ತಿಗೆಯನ್ನು ಕರೆದುಕೊಂಡು ಹೋಗುವ ಕೆಲಸ, ಬೇಸಿಗೆ ರಜೆಯ ಮೇಷ್ಟ್ರಾದ ನನ್ನ ತಲೆಗೆ ಬಂತು.

ನಾನು ವಸ್ತಾರೆಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು. ಸಂಗೀತದಲ್ಲಿ ನನ್ನ ಪಾಂಡಿತ್ಯ ಎಷ್ಟೆಂದರೆ, ಪಕ್ಕದವರು ತೊಡೆ ತಟ್ಟಿದಾಗ ನಾನೂ ತಟ್ಟುತ್ತಿದ್ದೆ, ಅವರು ನಿಲ್ಲಿಸಿದ ಮೇಲೂ ಒಂದೆರಡು ಹೆಚ್ಚಿಗೆ ತಟ್ಟುತ್ತಿದ್ದೆ. "ಎಂಟು ಎಣಿಸಕ್ಕೆ ಬರಲ್ವಲ್ಲ ನಿಂಗೆ! ನಿನ್ ಶಾಲೆ ಮಕ್ಕಳನ್ನ ದೇವ್ರೇ ಕಾಪಾಡ್ಬೇಕು" ಎಂದು ಅತ್ತಿಗೆ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದರು. ನಾನು ಹೋಗುತ್ತಿದ್ದದ್ದು ಕೋಸಂಬರಿ ಪಾನಕಕ್ಕೆ, ಮತ್ತು ಮರುದಿನ ಬೆಳಗಿನ ಹೋಟೆಲ್ ದೋಸೆಗೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಆ ಚಪ್ಪರದ ಅರ್ಧ ಜನ ನನ್ನ ಗುಂಪಿನವರೇ.

ಅತ್ತಿಗೆಗೆ ಹಳಬರೇ ಆಗಬೇಕು. "ಹುಡುಗ್ರನ್ನ ಆಮೇಲೆ ಕೇಳಣ ಮಾರಾಯ, ಅವ್ರೆಲ್ಲಿಗೆ ಹೋಗ್ತಾರೆ?" ಅವರು ತಪ್ಪದೆ ಕೇಳುತ್ತಿದ್ದದ್ದು ಒಬ್ಬ ಪಿಟೀಲು ವಿದ್ವಾಂಸರನ್ನು. ನಾನು ಹೇಳುವ ಕಾಲಕ್ಕೆ ಎಂಬತ್ತು ದಾಟಿದವರು. ಇಬ್ಬರು ರಟ್ಟೆ ಹಿಡಿದು ವೇದಿಕೆ ಹತ್ತಿಸಬೇಕು. ಕೂತ ಮೇಲೆ ಕೆಮ್ಮುವರು, ಶಾಲು ಸರಿಮಾಡುವರು, ಹತ್ತು ನಿಮಿಷ ಶ್ರುತಿ ಮಾಡುವರು. ಹೊರಗೆ ರಸ್ತೆಯಲ್ಲಿ ಬಸ್ಸುಗಳ ಹಾರ್ನು. ಇವರನ್ನು ಇಷ್ಟು ಕಷ್ಟ ಕೊಟ್ಟು ಯಾಕಪ್ಪಾ ಕರೆಸಿದರು ಎಂದು ನನಗೆ ಮರುಕ ಬರುವಷ್ಟರಲ್ಲಿ ಕಮಾನು ತಂತಿಗೆ ತಾಗುತ್ತಿತ್ತು. ಆಮೇಲೆ ಹಾರ್ನು ಕೇಳಿಸುತ್ತಿರಲಿಲ್ಲ. ಅದು ನನ್ನಂಥವನಿಗೂ ಗೊತ್ತಾಗುತ್ತಿತ್ತು.

ನನಗೆ ಐವತ್ತು ತುಂಬಿದ ವರ್ಷದ ಬೇಸಿಗೆ. ಸಂಜೆ ಆರೂವರೆ, ಇನ್ನೂ ಬೆಳಕಿತ್ತು. ರಾಗದ ವಿಸ್ತಾರ ನಡೆದಿತ್ತು, ಮೃದಂಗದವರು ಕೈಕಟ್ಟಿ ಕೂತಿದ್ದರು, ಅತ್ತಿಗೆ ಎಂದಿನಂತೆ ಕಣ್ಣು ಮುಚ್ಚಿದ್ದರು. ಕರೆಂಟು ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು. ಮುದುಕರು ಮಾತ್ರ ನಿಲ್ಲಿಸಲಿಲ್ಲ. ಸಾವಿರ ಜನ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು, ಬರಿಯ ಪಿಟೀಲಿನ ಸಣ್ಣ ದನಿ ಕೊನೆಯ ಸಾಲಿನ ತನಕ ಬರುತ್ತಿತ್ತು. ಆಗ ಅತ್ತಿಗೆ ವೇದಿಕೆ ಕಡೆ ನೋಡದೆಯೇ ಚೀಲ ಎತ್ತಿಕೊಂಡು ಎದ್ದು ನಿಂತು, ಗಟ್ಟಿಯಾಗಿ ಹೇಳಿದರು: "ನಿಲ್ಸೇಬಿಟ್ರಲ್ಲ! ಏಳು, ಹೋಗಣ."

ಚಪ್ಪರವೆಲ್ಲ ತಿರುಗಿ ನೋಡಿತು. ನಾನು ಸೆರಗು ಹಿಡಿದೆಳೆದು, "ನುಡಿಸ್ತಿದಾರೆ ಅತ್ತಿಗೆ, ಕೂತ್ಕೊಳ್ಳಿ" ಎಂದೆ. ಅವರು ವೇದಿಕೆ ನೋಡಿದರು. ಕಮಾನು ಹೋಗಿ ಬರುತ್ತಿತ್ತು. ಅತ್ತಿಗೆ ಅದನ್ನೇ ನೋಡುತ್ತ ನಿಧಾನಕ್ಕೆ ಕೂತರು. ಎರಡು ವರ್ಷದಿಂದ "ಅಲ್ಲಿ ಗಾಳಿ ಚೆನ್ನಾಗಿದೆ" ಎಂದು ಧ್ವನಿವರ್ಧಕದ ಪಕ್ಕದಲ್ಲೇ ಯಾಕೆ ಜಾಗ ಹಿಡಿಯುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಹಾಸನ ದಾಟಿದ ಮೇಲೆ ಬಾಯಿ ಬಿಟ್ಟರು. "ನಿಮ್ಮಣ್ಣಂಗೆ ಹೇಳ್ಬೇಡ. ಹೇಳಿದ್ರೆ ಬರೋ ವರ್ಷ ಬಸ್ ಹತ್ಸಲ್ಲ ಅವ್ರು. ಇದೊಂದ್ ಇಲ್ದಿದ್ರೆ ನಂಗೆ ಎಂತ ಉಳೀತು ಮಾರಾಯ?" ನಾನು ಹೇಳಲಿಲ್ಲ. ಕಿವಿಯ ಮಿಷನ್ ಹಾಕಿಸಿದೆವು, ಅಣ್ಣನಿಗೆ ಇದು ವಯಸ್ಸಿನ ಮಂದಗಿವಿ ಅಷ್ಟೇ ಎಂದೆವು. ಮಾತಿಗೆ ಅದು ಅಷ್ಟೋ ಇಷ್ಟೋ ಆಯಿತು. ಕಚೇರಿಯಲ್ಲಿ ಹಾಕಿಕೊಂಡರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಎಂದು ಕಿತ್ತು ಚೀಲಕ್ಕೆ ಹಾಕಿದರು.

ಆಮೇಲೆ ಶುರುವಾದದ್ದು ನನ್ನ ಕೈಯ ಕೆಲಸ. ಒಂದಿಡೀ ಮಳೆಗಾಲ ಭಾನುವಾರ ಭಾನುವಾರ ಕೂರಿಸಿಕೊಂಡು ಅತ್ತಿಗೆ ನನಗೆ ಎಂಟೆಣಿಕೆಯ ಆದಿತಾಳ ಕಲಿಸಿದರು. ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳು, ತಟ್ಟಿ ತಿರುಗಿಸು, ತಟ್ಟಿ ತಿರುಗಿಸು. ಕಚೇರಿಯಲ್ಲಿ ಅದನ್ನು ನಾನು ಅವರ ಅಂಗೈ ಮೇಲೆ ಹಾಕಬೇಕು. ಅವರು ಕಮಾನು ನೋಡುತ್ತ, ನನ್ನ ಬೆರಳು ಹಿಡಿದು ಒಳಗೊಳಗೇ ಹಾಡಿಕೊಳ್ಳುವರು. ಜನ ನೋಡುತ್ತಾರೆ ಅತ್ತಿಗೆ ಎಂದರೆ, "ನೋಡ್ಲಿ. ಮುದ್ಕಿ ಕೈಗೆ ಎಣ್ಣೆ ತಿಕ್ತಿದಾನೆ ಅಂದ್ಕೊಳ್ಳಿ."

ರಾಗ ಯಾವುದೆಂದು ಪಕ್ಕದವರನ್ನು ಕೇಳಿ ಚೀಟಿಯಲ್ಲಿ ಬರೆದು ತೋರಿಸುವುದೂ ನನ್ನದೇ ಕೆಲಸ. ಒಂದು ಸಲ ನನ್ನಂಥವನೇ ಒಬ್ಬ ಪಂಡಿತ ಪಕ್ಕದಲ್ಲಿದ್ದ. ಕಲ್ಯಾಣಿ ಅಂದ, ಬರೆದೆ. ಹೊರಗೆ ಬಂದಾಗ ಯಾರೋ ಶಂಕರಾಭರಣವನ್ನು ಹೊಗಳುತ್ತಿದ್ದರು. ನಾನು ಪೆಚ್ಚುಮೋರೆ ಹಾಕಿಕೊಂಡು ತಿದ್ದಿ ತೋರಿಸಿದೆ. "ಅಯ್ಯೋ ನಿನ್ನ! ಮುಕ್ಕಾಲ್ ಗಂಟೆ ನಾನು ಕಲ್ಯಾಣಿ ಹಾಡ್ಕೊಂಡೆನಲ್ಲೋ! ಮದುವೆಗೆ ಅಂತ ಹೋಗಿ ಪಕ್ಕದ ಛತ್ರದಲ್ಲಿ ಉಂಡು ಬಂದ ಹಾಗಾಯ್ತು" ಎಂದು ರಸ್ತೆಯಲ್ಲೇ ನಿಂತು ನಕ್ಕರು. ಆ ಅವಮಾನಕ್ಕೆ ನಾನು ರಾಗ ಗುರುತಿಸುವುದನ್ನು ಕಲಿಯಬೇಕಾಯಿತು. ಐವತ್ತರ ಮೇಲೆ ಕಲಿತ ವಿದ್ಯೆ, ಹತ್ತು ರಾಗಕ್ಕೆ ನಿಂತಿದೆ.

ಇಷ್ಟು ಹೇಳಿ ಸುಮ್ಮನಾದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದು ಎದ್ದು ಹೋಗುತ್ತೀರಿ. ಅದಾಗಬಾರದು. ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ಬೇಸಿಗೆ, ಹತ್ತನೇ ಕ್ಲಾಸಿನ ಉತ್ತರಪತ್ರಿಕೆ ತಿದ್ದಿ ತಿದ್ದಿ ನನ್ನ ಕಣ್ಣು, ಸೊಂಟ ಎರಡೂ ಬಿದ್ದುಹೋಗಿದ್ದವು. ಇನ್ನು ಆ ಬಸ್ಸು, ಆ ಸೆಕೆ, ಮೂರು ಗಂಟೆ ಆ ಕುರ್ಚಿ. ಸಾಕಪ್ಪಾ ಸಾಕು ಅನಿಸಿತು. ಬೇಡ ಎಂದು ನೇರ ಹೇಳಬಹುದಿತ್ತು, ಹೇಳುವ ಧೈರ್ಯವಿರಲಿಲ್ಲ. ಹೊರಡುವ ಹಿಂದಿನ ದಿನ ತೋಟದ ಮನೆಗೆ ಹೋಗಿ, ಅತ್ತಿಗೆಗೆ ಮಾತು ಬರೆದು ತೋರಿಸಲೆಂದು ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಬರೆದೆ: "ಪಿಟೀಲಿನವರಿಗೆ ಜ್ವರವಂತೆ. ಕಚೇರಿ ಇಲ್ಲ." ಅತ್ತಿಗೆ ಓದಿ, "ಪಾಪ, ವಯಸ್ಸಾಯ್ತಲ್ಲ" ಅಂದರು. ನಾನು ಮನೆಗೆ ಬಂದು ಎರಡು ದಿನ ಫ್ಯಾನಿನ ಕೆಳಗೆ ಮಲಗಿ ನಿದ್ದೆ ಮಾಡಿದೆ.

ಮುದುಕರು ಅವತ್ತು ನುಡಿಸಿದರು. ಪೇಪರಿನಲ್ಲಿ ಬಂತು. ಆ ಪುಟವನ್ನು ಅಣ್ಣನ ಜಗಲಿಯಿಂದ ಕದ್ದು ಜೇಬಿಗೆ ತುರುಕಿಕೊಂಡು ಬಂದೆ, ಪರೀಕ್ಷೆಯಲ್ಲಿ ಚೀಟಿ ಇಟ್ಟ ಹುಡುಗರನ್ನು ಮೂವತ್ತು ವರ್ಷ ಬೈದ ಮೇಷ್ಟ್ರು! ಆಷಾಢದಲ್ಲಿ ಆ ಮುದುಕರು ತೀರಿಕೊಂಡರು. ಅದನ್ನು ಬಚ್ಚಿಡಲಾಗಲಿಲ್ಲ. ಓದಿದ ಅತ್ತಿಗೆ, "ಇನ್ನು ಬೆಂಗ್ಳೂರು ಸಾಕು" ಎಂದರು, ಮತ್ತೆ ಹೊರಡಲಿಲ್ಲ. ಅತ್ತಿಗೆಯ ಪಾಲಿನ ಕೊನೆಯ ಕಚೇರಿಯನ್ನು ನಾನು ಕಸಿದುಕೊಂಡೆ ಎಂಬುದು ಇಷ್ಟು ವರ್ಷ ಗಂಟಲಲ್ಲಿ ಕೂತಿತ್ತು. ಅವರ ಮನೆಯಲ್ಲಿ ಉಣ್ಣುವಾಗೆಲ್ಲ ಕೂತಿತ್ತು.

ಮೊನ್ನೆ ಆ ಸೌತೆಕಾಯಿಯನ್ನು ಅರ್ಧಕ್ಕೇ ಬಿಟ್ಟು ತೋಟದ ಕಡೆ ನಡೆದೆ. ಅತ್ತಿಗೆಗೆ ಈಗ ಎಂಬತ್ತು ಹತ್ತಿರ, ಕಿವಿ ಪೂರ್ತಿ ಹೋಗಿದೆ. ಜಗಲಿಯಲ್ಲಿ ಕೂತಿದ್ದರು. ನೋಟ್‌ಬುಕ್ಕು ಎಳೆದುಕೊಂಡು ಒಂದು ಪುಟ ಪೂರ್ತಿ ಬರೆದು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಜ್ವರ ಸುಳ್ಳಾ?"

ತಲೆಯಾಡಿಸಿದೆ.

"ನಾನು ಎರಡು ತುಪ್ಪದ ದೀಪ ಹಚ್ಚಿದ್ನಲ್ಲೋ! ಒಂದು ಅವ್ರು ಹುಷಾರಾಗ್ಲಿ ಅಂತ." ಕನ್ನಡಕ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟರು. "ಇನ್ನೊಂದು, ಸದ್ಯ, ಈ ವರ್ಷ ಬಸ್ ಹತ್ತೋದು ತಪ್ತಲ್ಲ ಅಂತ."

ನಾನು ಪೆನ್ನು ಎತ್ತಿಕೊಂಡು "ಯಾಕೆ?" ಎಂದು ಬರೆದೆ.

"ಕಿವಿ ಹೋದ್ಮೇಲೆ ಆ ಸೆಕೇಲಿ ನಂಗೆ ಎಂತ ಇತ್ತು ಮಾರಾಯ? ಮೊದಲೆರಡು ವರ್ಷ ಆಸೆಗೆ ಬಂದೆ, ನಿಜ. ಆಮೇಲೆ ಮನೇಲಿ ಕೂತೇ ಹಾಡ್ಕೋಬೋದು ಅನ್ನಿಸ್ತು. ಆದ್ರೆ ನಿಂಗೆ ರುಚಿ ಹತ್ತಿತ್ತು. ಮೊದ್ಲು ನಿನ್ ಕೈ ಲೆಕ್ಕ ಹಾಕ್ತಿತ್ತು. ಆಮೇಲಾಮೇಲೆ ಕೇಳ್ತಿತ್ತು, ನಂಗೆ ಅಂಗೈಯಲ್ಲಿ ಗೊತ್ತಾಗ್ತಿತ್ತು. ನಾನು ಬರಲ್ಲ ಅಂದ್ರೆ ನೀನೊಬ್ನೇ ಹೋಗೋನಲ್ಲ. ಅದಕ್ಕೆ ಹೊರಡ್ತಿದ್ದೆ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಅವರು ಹೇಳಿದ್ದು ನಿಜ. ಆ ಚಪ್ಪರದಲ್ಲಿ ನಾನು ಸುಖಪಟ್ಟಿದ್ದೆ. ಅತ್ತಿಗೆಗೋಸ್ಕರ ಎಂದು ಗೊಣಗುತ್ತ ಗೊಣಗುತ್ತ ಪ್ರತಿ ಬೇಸಿಗೆ ಸುಖಪಟ್ಟಿದ್ದೆ. ಆ ಮುದುಕರ ಕೊನೆಯ ಕಚೇರಿ ತಪ್ಪಿದ್ದು ಅತ್ತಿಗೆಗಲ್ಲ. ಅದು ನನ್ನ ಪಾಲಿನದಾಗಿತ್ತು, ಮತ್ತು ನಾನು ನಿದ್ದೆ ಮಾಡಿದ್ದೆ.

"ಈ ವರ್ಷ ಹೋಗು," ಎಂದರು ಅತ್ತಿಗೆ. "ಹಳಬ್ರು ಯಾರಾದ್ರೂ ಉಳಿದಿರ್ತಾರೆ, ನೋಡು. ಬಂದು ಹೇಳು. ಚೆನ್ನಾಗಿಲ್ದಿದ್ರೆ ಇರ್ಲಿಲ್ಲ ಅಂತ್ಲೇ ಬರಿ. ಇನ್ನು ಸುಳ್ಳು ಬೇಡ, ನಂಗೆ ತುಪ್ಪ ದಂಡ."

ಬರುವ ಶನಿವಾರದ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಒಂದೇ ಸೀಟು. ಸೊಂಟ ಈಗಲೇ ನೋಯುತ್ತಿದೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ಬೆಳಿಗ್ಗೆಯಿಂದ ಮೂರು ಸಲ ಅನಿಸಿದೆ. ಆದರೆ ಅತ್ತಿಗೆಗೋಸ್ಕರ ಎಂಬ ನೆಪವಿಲ್ಲದೆ, ನನಗೋಸ್ಕರವೇ ನಾನು ಸಂಗೀತ ಕೇಳಲು ಹೊರಟಿರುವುದು ಇದೇ ಮೊದಲು. ಹೋಗುತ್ತೇನೆ.