ಎರಡನೆಯ ಕೊಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯ ಅಂಗಳದಲ್ಲಿ ಒಬ್ಬರು ಕುಕ್ಕರುಗಾಲಿನಲ್ಲಿ ಕೂತು, ಮೊಣಕಾಲಾಳದ ಗುಳಿಯೊಂದನ್ನು ದಿಟ್ಟಿಸುತ್ತಿದ್ದಾರೆ. ಗುಳಿಯ ತುಂಬ ನೀರು. ನೀರಿನ ನಡುವೆ ಇಂಚು ಇಂಚಿಗೂ ಗೆರೆ ಕೊರೆದ ಒಂದು ಕೋಲು. ಪಕ್ಕದ ಕಲ್ಲಿನ ಮೇಲೆ ಗಂಟೆ ಕಿತ್ತುಹಾಕಿದ ಹಳೆಯ ಅಲಾರಂ ಗಡಿಯಾರ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿದೆ. ದೂರದಿಂದ ನೋಡಿದವರು ಯಾರೋ ಪ್ರಾರ್ಥನೆಗೆ ಕೂತಿದ್ದಾರೆ ಅಂದುಕೊಳ್ಳಬೇಕು. ಹತ್ತಿರ ಬಂದು ನೋಡಿದರೂ ಹಾಗೇ ಅನ್ನಿಸುತ್ತದೆ.

ಇವರು ಸೆಪ್ಟಿಕ್ ಟ್ಯಾಂಕ್ ಕಟ್ಟುವ, ಇಂಗುಗುಂಡಿ ತೋಡುವ ಮೇಸ್ತ್ರಿ. ವಯಸ್ಸು ಐವತ್ತನಾಲ್ಕು. ಊರವರ ಬಾಯಲ್ಲಿ ಇವರು ‘ನಾಳೆ ಮೇಸ್ತ್ರಿ’. ಮನೆ ಕಟ್ಟುವವರು ಗುಂಡಿ ಎಲ್ಲಿ ತೋಡಬೇಕು ಎಂದು ಕೇಳಿದರೆ, ಇವರು ಜಾಗ ನೋಡುತ್ತಾರೆ, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕುತ್ತಾರೆ, ಮೂಸುತ್ತಾರೆ, ಕೊನೆಗೆ ‘ನಾಳೆ ಹೇಳ್ತೀನಿ’ ಎಂದು ಎದ್ದುಬಿಡುತ್ತಾರೆ. ಚಹಾದಂಗಡಿಯಲ್ಲಿ ಇದು ಹಳೆಯ ತಮಾಷೆ. ಈ ಮನುಷ್ಯ ತನ್ನ ಮದುವೆಗೂ ಮಾರನೇ ದಿನ ಬಂದಿದ್ದನಂತೆ ಎಂದು ಒಬ್ಬರು ಶುರುಮಾಡಿದರೆ ಉಳಿದವರು ಅದಕ್ಕೆ ಬಾಲ ಕಟ್ಟುತ್ತಾರೆ. ಅವರ ಹೆಂಡತಿಯೂ ಬಿಡುವುದಿಲ್ಲ. “ದೇವರೇ ಎದುರಿಗೆ ಬಂದು ನಡಿ ಅಂದ್ರೂ ನಮ್ಮನೆಯವರು ನಾಳೆ ಹೇಳ್ತೀನಿ ಅಂತಾರೆ ನೋಡಿ,” ಎನ್ನುತ್ತಾರೆ. ಮೇಸ್ತ್ರಿ ನಗುತ್ತಾರೆ. ಆ ಮಾತು ಎಲ್ಲಿಂದ ಬಂತು ಎಂದು ಮಾತ್ರ ಯಾರಿಗೂ ಹೇಳಿದವರಲ್ಲ.

ಇವತ್ತು ಅವರು ಕೂತಿರುವುದು ಸ್ವಂತ ಅಕ್ಕನ ಮನೆಯ ಅಂಗಳದಲ್ಲಿ. ಹನ್ನೆರಡು ವರ್ಷಗಳ ನಂತರ, ನಿನ್ನೆ ಸಂಜೆ ಗುಳಿ ತೋಡಲೆಂದು, ಈ ಅಂಗಳಕ್ಕೆ ಕಾಲಿಟ್ಟರು. ಅಷ್ಟು ವರ್ಷ ಅಕ್ಕ ಇವರೊಂದಿಗೆ ಒಂದು ಮಾತೂ ಆಡಿಲ್ಲ. ಈಗಲೂ ಬಾಗಿಲು ಅರ್ಧ ಮುಚ್ಚಿದೆ. ಒಳಗೆ ಪಾತ್ರೆ ಸರಿಸುವ ಸದ್ದು ಮಾತ್ರ ಕೇಳುತ್ತದೆ. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತ ಭಾವ ಆಗೊಮ್ಮೆ ಈಗೊಮ್ಮೆ ತಲೆ ಎತ್ತಿ ಗುಳಿಯ ಕಡೆ ನೋಡುತ್ತಾರೆ.

ಸಂಗತಿ ಇಷ್ಟು. ಹನ್ನೆರಡು ವರ್ಷದಿಂದ ಈ ಮನೆಯ ಕೊಳಕು ನೀರಿಗೆ ಭೂಮಿಗೆ ಇಳಿಯುವ ದಾರಿಯಿಲ್ಲ. ಹಿತ್ತಲಿನ ಇಂಗುಗುಂಡಿಯನ್ನು ಅಂದೇ ಮುಚ್ಚಿಸಿ, ಟ್ಯಾಂಕಿನಿಂದ ಹೊರಗೆ ಹೋಗುವ ಕೊಳವೆಯ ಬಾಯಿಗೆ ಸಿಮೆಂಟು ಬಡಿದಿದ್ದಾರೆ. ಟ್ಯಾಂಕು ತುಂಬಿದಾಗಲೆಲ್ಲ ಟ್ಯಾಂಕರ್ ಗಾಡಿ ಬಂದು ಹೀರಿಕೊಂಡು ಹೋಗುತ್ತಿತ್ತು. ಈಗ ಓಣಿಯ ಬಾಯಲ್ಲಿ ಯಾರದೋ ಕಾಂಪೌಂಡು ಎದ್ದಿದೆ. ಗಾಡಿ ಒಳಗೆ ತಿರುಗುವುದಿಲ್ಲ. ಮುಂದಿನ ಅಂಗಳದ ಮಣ್ಣು ನೀರು ಕುಡಿದರೆ ಅಲ್ಲೊಂದು ಹೊಸ ಗುಂಡಿ ತೋಡಬಹುದು. ಕುಡಿಯದಿದ್ದರೆ ಅಕ್ಕ-ಭಾವ ಈ ಮನೆ ಬಿಡುವ ಮಾತಾಡುತ್ತಿದ್ದಾರೆ. ಮಣ್ಣು ಕುಡಿಯುತ್ತದೋ ಇಲ್ಲವೋ ಹೇಳಬೇಕಾದವರು ಈ ತಮ್ಮ.

ಬೇರೆ ಮೇಸ್ತ್ರಿಗಳು ಇರಲಿಲ್ಲವೇ? ಇದ್ದರು. ಇಬ್ಬರು ಬಂದು ನೋಡಿಯೂ ಹೋಗಿದ್ದರು. ಇವತ್ತೇ ತೋಡಿ ಕೊಡುತ್ತೇವೆ ಎಂದರಂತೆ ಇಬ್ಬರೂ. ಅವರು ಹೋದ ಮೇಲೆ ಅಕ್ಕ ಗಂಡನಿಗೆ ಹೇಳಿದ್ದು ಒಂದೇ ಮಾತು: “ಅವನನ್ನೇ ಕರೀರಿ.” ಭಾವ ಅದನ್ನು ತಂದು ಮುಟ್ಟಿಸಿದಾಗ ಮೇಸ್ತ್ರಿ ಊಟಕ್ಕೆ ಕೂತಿದ್ದರು. ತಟ್ಟೆಯ ಮುಂದೆ ಕೈ ಒಣಗುವವರೆಗೂ ಹಾಗೇ ಕೂತಿದ್ದರು ಎನ್ನುತ್ತಾರೆ ಅವರ ಹೆಂಡತಿ.

ನಮ್ಮ ಮನೆಗಳಿಂದ ಹೋಗುವ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವು ಯೋಚಿಸುವುದಿಲ್ಲ. ಯೋಚಿಸದೆ ಇರಲಿ ಎಂದೇ ಯಾರೋ ಯೋಚಿಸಿರುತ್ತಾರೆ. ಟ್ಯಾಂಕಿಗೆ ಬಿದ್ದದ್ದರಲ್ಲಿ ಭಾರದ್ದು ತಳಕ್ಕೆ ಕೂತು ಹೂಳಾಗುತ್ತದೆ, ಹಗುರದ್ದು ಮೇಲೆ ಕೆನೆಯಂತೆ ಕಟ್ಟುತ್ತದೆ, ನಡುವಿನ ತಿಳಿ ಮಾತ್ರ ಇಂಗುಗುಂಡಿಗೆ ಹರಿಯುತ್ತದೆ. ಗುಂಡಿಯ ಗೋಡೆಗೆ ಗಾರೆ ಹಾಕುವುದಿಲ್ಲ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು, ಹಿಂದೆ ಜಲ್ಲಿ ತುಂಬುತ್ತಾರೆ. ಆ ಸಂದುಗಳಿಂದ ನೀರು ಮಣ್ಣಿಗೆ ಇಳಿಯುತ್ತದೆ. ಮುಂದಿನದು ಮಣ್ಣಿನ ಕೆಲಸ. ನಾವು ಮೂಗು ಮುಚ್ಚಿಕೊಂಡದ್ದನ್ನು ಅದು ಮುಖ ಸಿಂಡರಿಸದೆ ತೆಗೆದುಕೊಂಡು, ಸೋಸಿ, ಎಂದೋ ಒಂದು ದಿನ ಮತ್ತೆ ನೀರು ಮಾಡಿ ಕೊಡುತ್ತದೆ. ಮೇಸ್ತ್ರಿ ದೇವರನ್ನು ನೆನೆಯುವುದು ಹೆಚ್ಚಾಗಿ ಈ ವಿಚಾರಕ್ಕೇ. “ಇಷ್ಟು ತಾಳ್ಮೆ ಕೊಟ್ಟು ಮಣ್ಣು ಮಾಡಿದಾನಲ್ಲ, ಅವನಿಗೆ ನಮ್ಮ ಬುದ್ಧಿ ಮೊದಲೇ ಗೊತ್ತಿತ್ತು,” ಎನ್ನುತ್ತಾರೆ.

ಇಪ್ಪತ್ತೆಂಟು ವರ್ಷದ ಕಸುಬು. ನಸುಕಿನ ನಾಲ್ಕಕ್ಕೆ ಎದ್ದು, ಹಾರೆ, ಗುದ್ದಲಿ, ಸಲಿಕೆ, ಹಗ್ಗ ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಾರೆ. ಒಂದು ಗುಂಡಿ ಎಂದರೆ ನಾಲ್ಕಡಿ ಅಗಲ, ಒಂಬತ್ತಡಿ ಆಳ, ಒಂದೇ ಸಮನೆ ಮೂರು ದಿನ ಅಗೆತ. ಹಳೆಯ ಟ್ಯಾಂಕಿನ ಮುಚ್ಚಳ ಎತ್ತಿದರೆ ಆ ದಿನ ಯಾರೂ ಒಳಗೆ ಬಗ್ಗಿ ನೋಡುವಂತೆಯೂ ಇಲ್ಲ. ಒಳಗಿನ ವಿಷಗಾಳಿಗೆ ಜೊತೆಯ ಕೆಲಸದವರಿಬ್ಬರನ್ನು ಕಳೆದುಕೊಂಡಿದ್ದಾರೆ. ಬೆನ್ನು ಈಗ ನೆಟ್ಟಗಾಗುವುದಿಲ್ಲ. ಬಸ್ಸಿನಲ್ಲಿ ಇವರು ಕೂತರೆ ಪಕ್ಕದವರಿಗೆ ಇಳಿಯುವ ಸ್ಟಾಪು ಬೇಗ ಬಂದುಬಿಡುತ್ತದೆ. “ಬಾಗಿಲಿಗೆ ಕೆತ್ತನೆ ಮಾಡಿಸೋಕೆ ಮೂರು ತಿಂಗಳು ಕಾಯ್ತಾರೆ. ಗುಂಡಿಗೆ ಒಂದು ರಾತ್ರಿ ಕಾಯೋಕೆ ಆಗಲ್ಲ,” ಎನ್ನುವಾಗ ದನಿಯಲ್ಲಿ ಸಿಟ್ಟಿಲ್ಲ. ತೋಡಿದ ಗುಂಡಿಗಳೆಷ್ಟು ಎಂದು ಅವರಿಗೆ ನೆನಪಿಲ್ಲ. ‘ಇಲ್ಲಿ ಬೇಡ’ ಎಂದು ಎದ್ದು ಬಂದ ಜಾಗಗಳು ಮಾತ್ರ ನೆನಪಿವೆ: ನೂರಾ ಹದಿನೇಳು. ಬೀದಿ, ಮನೆ, ಯಾವ ಮೂಲೆ, ಎಲ್ಲ ಹೇಳುತ್ತಾರೆ.

ಇವರ ಪರೀಕ್ಷೆ ಇಷ್ಟೇ. ಹಿಂದಿನ ದಿನ ಸಂಜೆ ಗುಳಿ ತೋಡಿ, ಕತ್ತಲಾಗುವವರೆಗೂ ನೀರು ತುಂಬಿಸುತ್ತಲೇ ಇರುತ್ತಾರೆ. ರಾತ್ರಿಯೆಲ್ಲ ಮಣ್ಣು ನೆನೆಯಬೇಕು. ಬೆಳಗ್ಗೆ ಮತ್ತೆ ಗೆರೆಯವರೆಗೆ ತುಂಬಿ, ಇಂಚು ಇಳಿಯಲು ಎಷ್ಟು ಹೊತ್ತು ಎಂದು ನೋಡುತ್ತಾರೆ. ಆಮೇಲೆ ಇನ್ನೊಂದು ಕೊಡ ಹಾಕಿ, ಮತ್ತೆ ಮೊದಲಿಂದ. ಅರ್ಧ ಗಂಟೆಯೊಳಗೆ ಇಂಚು ಇಳಿದರೆ ಒಳ್ಳೆಯ ಮಣ್ಣು. ಗಂಟೆ ದಾಟಿದರೆ ಆ ಜಾಗ ಬೇಡ. “ಒಣ ಮಣ್ಣಿಗೆ ಒಂದು ಕೊಡ ಸುರಿದು ನೋಡಿದ್ರೆ ಏನೂ ಗೊತ್ತಾಗಲ್ಲ. ಬಾಯಾರಿದವರು ಮೊದಲನೇ ಲೋಟ ಗಟಗಟ ಕುಡೀತಾರೆ. ಎರಡನೇದು ಕೊಟ್ಟು ನೋಡ್ಬೇಕು,” ಎನ್ನುತ್ತಾರೆ.

ಹಿಂದೊಮ್ಮೆ ಅವರು ಎರಡನೆಯದು ಕೊಟ್ಟು ನೋಡಿರಲಿಲ್ಲ.

ತಾಯಿ ಹೋದಾಗ ಮೇಸ್ತ್ರಿಗೆ ಒಂಬತ್ತು ವರ್ಷ. ಸಾಕಿದ್ದು ಅಕ್ಕ. ಅಕ್ಕನಿಗೆ ಈ ಮನೆ ಆದಾಗ ಗುಂಡಿ ತೋಡಿಕೊಡುವ ಹಕ್ಕು ತಮ್ಮನದೇ ಎಂದು ಹಾರೆ ಹೊತ್ತು ಬಂದರು. ಕಡುಬೇಸಗೆ. ಹಿತ್ತಲಿನ ಜೇಡಿಮಣ್ಣು ಬಾಯಿ ಬಿಟ್ಟುಕೊಂಡಿತ್ತು. ಮಧ್ಯಾಹ್ನ ಇನ್ನೊಂದು ಮನೆಯ ಕೆಲಸ ಒಪ್ಪಿಕೊಂಡಿದ್ದರಿಂದ ಆತುರವೂ ಇತ್ತು. ಮಣ್ಣು ನೋಡಲು ಒಂದು ಸಣ್ಣ ಗುಳಿ ತೆಗೆದರು. ಅಕ್ಕನ ಏಳು ವರ್ಷದ ಮಗಳು ತಾನೇ ಹಾಕುತ್ತೇನೆಂದು ಹಟ ಹಿಡಿದು, ಎರಡೂ ಕೈಯಲ್ಲಿ ಕೊಡ ತಬ್ಬಿ ತಂದು ಸುರಿದಳು. ನೀರು ಬಿರುಕುಗಳಿಗೆ ನುಗ್ಗಿ ನೋಡುನೋಡುತ್ತಲೇ ಮಾಯವಾಯಿತು. ಹುಡುಗಿ ಕುಣಿದಾಡಿದಳು.

“ಮಾಮ, ಎಲ್ಲಾ ಕುಡಿದುಬಿಡ್ತು. ಇನ್ನೊಂದು ಹಾಕ್ಲಾ?”

“ಸಾಕು ಬಿಡು ಪುಟ್ಟಿ. ಚೆನ್ನಾಗಿ ಕುಡಿಯೋ ಮಣ್ಣು ಇದು.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಇದನ್ನು ಕೇಳಿಸಿಕೊಂಡು ನಕ್ಕಿದ್ದರು.

ಮಳೆ ಬಂತು. ಜೇಡಿ ಉಬ್ಬಿ ಬಿರುಕುಗಳೆಲ್ಲ ಮುಚ್ಚಿದವು. ಗುಂಡಿಗೆ ಬಿದ್ದ ನೀರು ಕೆಳಗಿಳಿಯಲಾರದೆ, ಒಳಗಿನ ಕಲ್ಲಿನ ಪದರ ಹಿಡಿದು ಅಡ್ಡಡ್ಡ ಹರಿದು ಹಿತ್ತಲಿನ ಬಾವಿ ಸೇರಿತು. ನೀರು ನೋಡಲು ತಿಳಿಯಾಗಿಯೇ ಇತ್ತು. ಮನೆಯವರೆಲ್ಲ ಕುಡಿದರು. ದೊಡ್ಡವರು ಎರಡು ದಿನ ಮಲಗಿ ಎದ್ದರು. ವಾಂತಿಭೇದಿ ಹತ್ತಿದ ಹುಡುಗಿ ಏಳಲಿಲ್ಲ. ಬಾವಿಯ ನೀರು ಕೆಟ್ಟದ್ದು ಹೇಗೆಂದು ಆಮೇಲೆ ಕಂಡುಹಿಡಿದವರೂ ಮೇಸ್ತ್ರಿಯೇ. ಗುಂಡಿಗೆ ಬಣ್ಣ ಕಲಸಿದ ನೀರು ಸುರಿದು, ನಾಲ್ಕನೇ ದಿನ ಅದೇ ಬಣ್ಣವನ್ನು ಬಾವಿಯಲ್ಲಿ ಕಂಡು, ತಾವಾಗಿಯೇ ಅಕ್ಕನ ಮುಂದೆ ಹೋಗಿ ನಿಂತು ಹೇಳಿದರು. ಅಕ್ಕ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

“ನಾಳೆ ಹೇಳ್ತೀನಿ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲೋ,” ಎಂದರು. ಅದೇ ಕೊನೆಯ ಮಾತು. ಬಾಗಿಲು ಹಾಕಿಕೊಂಡರು.

ಅಂದಿನಿಂದ ಮೇಸ್ತ್ರಿ ಯಾರ ಮನೆಯಲ್ಲೂ ಅದೇ ದಿನ ಉತ್ತರ ಕೊಟ್ಟಿಲ್ಲ. ಊರು ಅದಕ್ಕೆ ಹೆಸರಿಟ್ಟು ನಗುತ್ತದೆ. ನಗಲಿ ಎಂದು ಅವರೂ ಬಿಟ್ಟಿದ್ದಾರೆ.

ಈಗ ಬಿಸಿಲು ಅಂಗಳಕ್ಕೆ ಬಂದಿದೆ. ಕೋಲಿನ ಗೆರೆಯಿಂದ ನೀರು ಒಂದು ಇಂಚು ಇಳಿದಿದೆ: ನಲವತ್ತು ನಿಮಿಷ. ಚೆನ್ನಾಗಿದೆ ಎನ್ನುವಂತಿಲ್ಲ, ಕೆಟ್ಟಿದೆ ಎನ್ನುವಂತಿಲ್ಲ. ಭಾವ ಯಂತ್ರ ಬಿಟ್ಟು ಎದ್ದು ಬಂದಿದ್ದಾರೆ.

“ಇಳಿದಿದೆಯಲ್ಲಯ್ಯ. ನಾವಿರೋರು ಇಬ್ರು, ಎಷ್ಟು ನೀರು ಹೋಗುತ್ತೆ? ತೋಡಿಬಿಡು.”

ಮೇಸ್ತ್ರಿ ಬೇಲಿಯಾಚೆ ನೋಡುತ್ತಾರೆ. ಪಕ್ಕದ ಮನೆಯ ಬಾವಿಕಟ್ಟೆ ಇಲ್ಲಿಂದ ಹದಿನೆಂಟು ಹೆಜ್ಜೆ. ಕಟ್ಟೆಯ ಮೇಲೆ ಎರಡು ಪುಟ್ಟ ಲಂಗಗಳು ಒಣಗುತ್ತಿವೆ.

“ಇನ್ನೊಂದು ಕೊಡ ನೀರು ಬೇಕಾಗಿತ್ತು ಭಾವ,” ಎನ್ನುತ್ತಾರೆ.

ಭಾವ ಒಳಗೆ ತಿರುಗುವಷ್ಟರಲ್ಲಿ ಬಾಗಿಲು ತೆರೆದು ಅಕ್ಕ ಹೊರಗೆ ಬರುತ್ತಾರೆ. ಸೊಂಟದ ಮೇಲೆ ಕೊಡ. ತಲೆ ಪೂರ್ತಿ ಬೆಳ್ಳಗಾಗಿದೆ. ಯಾರ ಮುಖವನ್ನೂ ನೋಡದೆ ಗುಳಿಯ ಬಳಿ ಬಂದು, ಬಗ್ಗಿ, ಒಂದು ಹನಿಯೂ ಆಚೆ ಚೆಲ್ಲದಂತೆ ಗೆರೆಯವರೆಗೆ ಸುರಿಯುತ್ತಾರೆ. ಖಾಲಿ ಕೊಡ ಕೆಳಗಿಟ್ಟು ಅಲ್ಲೇ ನಿಂತುಬಿಡುತ್ತಾರೆ. ಭಾವ ಸದ್ದಿಲ್ಲದೆ ಯಂತ್ರದ ಮುಂದೆ ಹೋಗಿ ಕೂರುತ್ತಾರೆ, ಹೊಲಿಯುವುದಿಲ್ಲ.

ಹತ್ತು ನಿಮಿಷ. ಅರ್ಧ ಗಂಟೆ. ಅಕ್ಕ-ತಮ್ಮ ಇಬ್ಬರೂ ಆ ಚೂರು ನೀರನ್ನೇ ನೋಡುತ್ತಾರೆ. ಒಂದು ಎಲೆ ಬಿದ್ದು ತೇಲುತ್ತದೆ. ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಮುಗಿಸುತ್ತದೆ. ನೀರು ಗೆರೆ ಬಿಟ್ಟು ಕದಲಿಲ್ಲ.

“ನಿಂತಿದೆ,” ಎನ್ನುತ್ತಾರೆ ಅಕ್ಕ.

ಮೇಸ್ತ್ರಿ ಕೋಲು ಎತ್ತಿ ಪಂಚೆಯ ತುದಿಯಲ್ಲಿ ಒರೆಸುತ್ತಾರೆ. ಹನ್ನೆರಡು ವರ್ಷಕ್ಕೆ ಒಂದು ಸಲ ಕರೆದಿರುವ ಅಕ್ಕನಿಗೆ ಆಗುತ್ತದೆ ಎನ್ನಬೇಕೆಂದು ಯಾರಿಗೆ ಅನ್ನಿಸುವುದಿಲ್ಲ?

“ನಿಂತಿದೆ ಅಕ್ಕ. ಇಲ್ಲಿ ಬೇಡ.”

ನೂರಾ ಹದಿನೆಂಟನೆಯದು.

ಅಕ್ಕ ತಲೆಯಾಡಿಸುತ್ತಾರೆ. ನೀರಿಗೇ ಹೇಳುವಂತೆ, “ಇನ್ನೊಂದು ಹಾಕ್ಲಾ ಅಂತ ಕೇಳಿದ್ಲು,” ಎನ್ನುತ್ತಾರೆ.

“ಕೇಳಿದ್ಲು.”

ಇಬ್ಬರಲ್ಲಿ ಯಾರೂ ಅಳುವುದಿಲ್ಲ. ಓಣಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸಿಕೊಂಡು ಹೋಗುತ್ತದೆ.

ಇನ್ನೊಂದು ದಾರಿ ಇದೆ ಎಂದು ಮೇಸ್ತ್ರಿ ಆಮೇಲೆ ಮೆಲ್ಲಗೆ ಹೇಳುತ್ತಾರೆ. ಪಕ್ಕದ ಬಾವಿಯಿಂದ ಆದಷ್ಟು ದೂರ, ಅಂಗಳದ ಆ ಕೊನೆಯಲ್ಲಿ, ತಳಕ್ಕೆ ಮತ್ತು ಸುತ್ತ ಸಿಮೆಂಟು ಹಾಕಿ ನೆಲದ ಮೇಲೆಯೇ ಒಂದು ಉದ್ದನೆಯ ತೊಟ್ಟಿ ಕಟ್ಟುವುದು. ಅದಕ್ಕೆ ಜಲ್ಲಿ, ಮರಳು ತುಂಬಿ ಜೊಂಡು ನೆಡುವುದು. ಮಣ್ಣು ಕುಡಿಯದ ನೀರನ್ನು ಬೇರು ಕುಡಿದು ಬಿಸಿಲಿಗೆ ಬಿಡುತ್ತದೆ. ಗಾಡಿ ಬರುವಂತಿಲ್ಲ, ಆದ್ದರಿಂದ ಜಲ್ಲಿ, ಮರಳನ್ನು ಓಣಿಯ ಬಾಯಿಂದ ಬುಟ್ಟಿಯಲ್ಲೇ ಹೊರಬೇಕು. ಅವರ ಲೆಕ್ಕಕ್ಕೆ ಆರುನೂರು ಬುಟ್ಟಿ. ಹೊರುವವರು ಯಾರು ಎಂದು ಭಾವ ಕಿಟಕಿಯಿಂದ ಕೇಳಿದರೆ, ಮೇಸ್ತ್ರಿ ತಮ್ಮ ಬೆನ್ನನ್ನೇ ಒಮ್ಮೆ ತಟ್ಟಿಕೊಳ್ಳುತ್ತಾರೆ. ಹೊತ್ತರೂ, ಮಳೆಗಾಲದಲ್ಲಿ ಅದು ತಡೆಯುತ್ತದೆಯೇ ಎನ್ನುವುದು ನೋಡಿಯೇ ಗೊತ್ತಾಗಬೇಕು.

ಇಷ್ಟೆಲ್ಲ ಮಾಡಿ ನಿಮಗೆ ಏನು ಆಗಬೇಕು ಎಂದು ನಾವು ಕೇಳಿದರೆ ಮೇಸ್ತ್ರಿ ಬಹಳ ಯೋಚಿಸುತ್ತಾರೆ. “ನನಗೇನು ಆಗ್ಬೇಕು? ನಾನು ಹೋದ್ಮೇಲೂ ತೋಡೋರು ಎರಡನೇ ಕೊಡ ಹಾಕಿ ನೋಡ್ಲಿ. ಅಷ್ಟೇ. ಒಂದು ಕೊಡ ನೀರು ಅದು,” ಎಂದು ಗಡಿಯಾರವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಗುಳಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಗಿಡಕ್ಕೆ ಹಾಕಿ, ಮಣ್ಣು ತುಂಬಿ, ಕಾಲಲ್ಲಿ ಮೆತ್ತಗೆ ತುಳಿಯುತ್ತಾರೆ. ಸೈಕಲ್ ಹಿಡಿದು ಹೊರಟವರಿಗೆ ಹಿಂದಿನಿಂದ ಕೊಡ ಎತ್ತಿಕೊಳ್ಳುವ ಸದ್ದು ಕೇಳುತ್ತದೆ. ತಿರುಗಿ ನೋಡುವ ಧೈರ್ಯ ಆಗುವುದಿಲ್ಲ.

“ಏನು ಹೇಳ್ತೀಯ ಹಾಗಾದ್ರೆ, ಆ ತೊಟ್ಟಿ ಆಗುತ್ತಾ?” ಅಕ್ಕನ ದನಿ.

“ನಾಳೆ ಹೇಳ್ತೀನಿ ಅಕ್ಕ.”

ಬಾಗಿಲು ಹಾಕಿಕೊಳ್ಳುವ ಸದ್ದು ಬರುತ್ತದೆ ಎಂದು ಮೇಸ್ತ್ರಿ ಕಾಯುತ್ತಾರೆ. ಬರುವುದಿಲ್ಲ.

“ನಾಳೆ ಎಷ್ಟು ಹೊತ್ತಿಗೆ ಬರ್ತೀಯ?”