ಸಕಲ ರಾವ್‌ಗಳ ಸೂತಕ

ಭೂಮಿಯ ಭಾರವನ್ನು ಆದಿಶೇಷ ಹೊತ್ತಿದ್ದಾನೆ ಎನ್ನುತ್ತದೆ ಪುರಾಣ. ಭರತಖಂಡದ ಸಕಲ ರಾವ್‌ಗಳ ಸಾವಿನ ಭಾರವನ್ನು ಹೊತ್ತವರು ಮಾತ್ರ ಹರಿಹರಪುರದ ಅಡುಗೆಯ ಸುಂದರೇಶ ರಾವ್. ಪ್ರಧಾನಿಯಾಗಿದ್ದ ರಾವ್, ಉಪಗ್ರಹ ಹಾರಿಸಿದ ರಾವ್, ತೆಲುಗು ಸಿನಿಮಾದಲ್ಲಿ ಕೃಷ್ಣನ ಕಿರೀಟ ತೊಟ್ಟು ಮುಂದೆ ಮುಖ್ಯಮಂತ್ರಿಯೂ ಆದ ರಾವ್, ಹೀಗೆ ಹೆಸರಿನ ಬಾಲದಲ್ಲಿ ರಾವ್ ಇದ್ದವರು ಯಾರು ತೀರಿಕೊಂಡರೂ ಇವರು ಸಟ್ಟುಗವನ್ನು ಗೋಡೆಗೆ ತೂಗುಹಾಕಿ, "ನಮಗೆ ಸೂತಕ" ಎಂದು ಚಾಪೆ ಬಿಡಿಸುತ್ತಿದ್ದರು. ಮದುವೆಯ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯವರಿಗೆ ಇವರೇ ಬೇಕು. ಆದರೆ ಸೂತಕದವರು ಮಾಡಿದ ಅಡುಗೆಯನ್ನು ಶುಭಕಾರ್ಯದಲ್ಲಿ ಬಡಿಸುವಂತಿಲ್ಲ. ಎಲ್ಲರೂ ಬೇರೆ ಅಡುಗೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಹೈದರಾಬಾದಿನ ಯಾರೋ ನಿವೃತ್ತ ರಾಯಭಾರಿ ರಾವ್ ತೀರಿಹೋದ ಸುದ್ದಿ ಟೀವಿಯಲ್ಲಿ ಬಂದಾಗ ಸೀತೂರಿನ ಸುಲೋಚನಮ್ಮ ಟೀವಿ ಆರಿಸಿ ಎದ್ದೇಬಿಟ್ಟರು. ಮರುದಿನವೇ ಮಗಳು ಚೈತ್ರಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಬರುತ್ತಿರುವುದು ಹುಡುಗಿಗಿಂತ ಹೆಚ್ಚಾಗಿ ರಾಯರ ಹೋಳಿಗೆಯನ್ನು ನೋಡಲು. ಸುಲೋಚನಮ್ಮ ಸೆರಗು ಬಿಗಿದು, ಪುರೋಹಿತ ಸುಬ್ಬಯ್ಯನವರನ್ನು ಜೀಪಿಗೆ ಹತ್ತಿಸಿಕೊಂಡು ಹರಿಹರಪುರಕ್ಕೆ ದಂಡೆತ್ತಿ ಹೋದರು.

ರಾಯರು ಆಗಲೇ ಚಾಪೆಯ ಮೇಲಿದ್ದರು.

"ಹತ್ರ ಬರ್ಬೇಡಿ ಮಾರಾಯ್ರೆ, ಸೂತಕ."

"ಸತ್ತವರ ಗೋತ್ರ ಯಾವ್ದು ರಾಯರೇ?" ಎಂದರು ಸುಬ್ಬಯ್ಯ.

"ಅದು ಟೀವೀಲಿ ಹೇಳ್ಲಿಲ್ಲ."

"ನಿಮಗೆ ಅವರು ಎಂತ ಆಗ್ಬೇಕು?"

"ರಾವ್ ಅಲ್ದಾ?"

"ಹಂಗಾದ್ರೆ ಕೊಪ್ಪದ ಬಸ್‌ಸ್ಟ್ಯಾಂಡಲ್ಲಿ ಕಲ್ಲು ಒಗೆದ್ರೆ ನಿಮ್ಮ ದಾಯಾದಿಗಳಿಗೇ ತಾಗ್ತದೆ! ಏಳಿ, ತುಂಗೆಯಲ್ಲಿ ಒಂದು ಮುಳುಗು ಹಾಕಿ. ಈ ಸೂತಕಕ್ಕೆ ಅಷ್ಟು ಸಾಕು."

ಒಳಗೆ ರಾಯರ ಹೆಂಡತಿ ಗಂಗಾಂಬಿಕೆ ಕಿಸಕ್ಕೆಂದರು. ಶಾಸ್ತ್ರವೇ ಎದುರಾಳಿಯ ಪಾಳಯ ಸೇರಿದ ಮೇಲೆ ವೀರ ಏನು ಮಾಡಿಯಾನು? ರಾಯರು ಹೊಳೆಗೆ ಹೋಗಿ ಮುಳುಗೆದ್ದು ಬಂದು, ಸಟ್ಟುಗ ಬಗಲಲ್ಲಿಟ್ಟುಕೊಂಡು, ಸೋತ ರಾಜನ ಗತ್ತಿನಲ್ಲಿ ಜೀಪು ಹತ್ತಿದರು.

ಹೋಳಿಗೆ ಉಳಿಯಿತು ಎಂದು ಖಾತ್ರಿಯಾದ ಮೇಲೆ ಸುಲೋಚನಮ್ಮನಿಗೆ ಸ್ವಲ್ಪ ಕನಿಕರವೂ ಬಂತು.

"ಅಲ್ಲ ರಾಯರೇ, ಮುಖ ಕಂಡಿಲ್ಲ, ಊರು ಗೊತ್ತಿಲ್ಲ. ದೊಡ್ಡ ದೊಡ್ಡ ರಾವ್‌ಗಳ ಮೇಲೆ ಅಷ್ಟೊಂದು ಅಭಿಮಾನವಾ ನಿಮಗೆ?"

"ಎಂತ ಅಭಿಮಾನ ಅಮ್ಮ! ಜ್ವರ ಅಂದ್ರೆ ಮಾತ್ರೆ ಕೊಟ್ಟು ಒಲೆ ಮುಂದೆ ಕೂರಿಸ್ತೀರಿ. ಸೂತಕ ಅಂದ್ರೆ ಮಾತ್ರ ಮಲಗೋಕೆ ಬಿಡ್ತೀರಿ."