ಹಂಸಭಾವಿಯಲ್ಲಿ ನಿಲ್ಲದ ಫಟಫಟಿ

ಸವಣೂರಿನ ಎಲೆತೋಟದ ಚನ್ನವೀರಪ್ಪನಿಗೆ ಎರಡು ಹುಚ್ಚು. ಒಂದು ರುಮಾಲಿನದು, ಇನ್ನೊಂದು ಫಟಫಟಿಯದು, ಅಂದರೆ ಮೋಟಾರ್ ಸೈಕಲ್ಲಿನದು. ರುಮಾಲಿನ ಹುಚ್ಚು ಅಜ್ಜನಿಂದ ಬಂದದ್ದು. ಜರಿಯಂಚಿನ ರುಮಾಲು ಸುತ್ತದೆ ಅವನು ಹಿತ್ತಿಲಿಗೂ ಹೋದವನಲ್ಲ. ಫಟಫಟಿ ಬಂದದ್ದು ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ, ಧಾರವಾಡದ ಡಾಕ್ಟರೊಬ್ಬರು ಮೋಟಾರು ಕೊಂಡು ಅದನ್ನು ಬಿಟ್ಟುಕೊಟ್ಟಾಗ. ಬಂದ ದಿನವೇ ಅದು ಇವನನ್ನು ಹೊತ್ತುಕೊಂಡು ಪಕ್ಕದವರ ವೀಳ್ಯದೆಲೆಯ ಬಳ್ಳಿಗೆ ನುಗ್ಗಿತು. ಹೆಂಡತಿ ವೀರವ್ವ ಬಳ್ಳಿ ಬಿಡಿಸಿ ಗಂಡನನ್ನು ಹೊರಗೆಳೆದಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹಿಂದೆ ಕೂರಲು ಮಾತ್ರ ಒಪ್ಪಲಿಲ್ಲ.

ತಮ್ಮನ ಮದುವೆಗೆಂದು ಹಂಸಭಾವಿಯ ತವರಿಗೆ ಹೋದವಳು ಅಲ್ಲಿಂದಲೇ ಹೇಳಿ ಕಳಿಸಿದಳು. ಗಾಡಿ ತನ್ನ ತವರಿನ ಹೊಸ್ತಿಲ ಮುಂದೆ ಹೇಳಿದ ಹಾಗೆ ನಿಂತರೆ ಅದರ ಮೇಲೆಯೇ ಬರುವಳಂತೆ, ಇಲ್ಲದಿದ್ದರೆ ಎತ್ತಿನ ಚಕ್ಕಡಿ ಕಳಿಸಬೇಕಂತೆ. ಚನ್ನವೀರಪ್ಪನ ಜೀವವೆಲ್ಲ ಈ ಮಾತಿಗೆ ಸಿಕ್ಕಿಕೊಂಡಿತು. ಅವಳು ಹಿಂದೆ ಕೂರದ ಗಾಡಿ ಇದ್ದರೇನು, ಬಿಟ್ಟರೇನು?

ತೊಂದರೆ ಇದ್ದದ್ದು ಬಲಗೈಯ ಹಿಡಿಯಲ್ಲಿ. ಅದನ್ನು ಒಂದು ಕಡೆ ತಿರುವಿದರೆ ಓಟ, ಇನ್ನೊಂದು ಕಡೆ ತಿರುವಿದರೆ ನಿಧಾನ. ಅದರ ರಬ್ಬರು ಸವೆದು ಕಬ್ಬಿಣ ಕಂಡಿತ್ತು, ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಸೈಕಲ್ ಅಂಗಡಿಯ ಕರೀಮಸಾಬ ಹಿಡಿಯ ಕೆಳಗಿನ ಸಣ್ಣ ತಿರುಪು ಸಡಿಲಿಸಿ, ಅದು ಹಗುರವಾಗಿ ತಿರುಗುವಂತೆ, ಕೈ ಬಿಟ್ಟರೆ ತಾನೇ ಹಿಂದಕ್ಕೆ ಬರುವಂತೆ ಮಾಡಿದ. ರಬ್ಬರು ಹುಬ್ಬಳ್ಳಿಯಿಂದ ತರಿಸಬೇಕು, ವಾರ ತಾಳು ಎಂದ. ವಾರ ತಾಳುವ ಗಂಡಸೇ ಇವನು? ತೋಟದವನು ತೋಟದ ಬುದ್ಧಿಯನ್ನೇ ಓಡಿಸಿದ. ಎಲೆಯ ಪಿಂಡಿ ಕಟ್ಟುವ ಹಸಿ ಬಾಳೆಪಟ್ಟೆಯನ್ನು ಹಿಡಿಗೆ ದಪ್ಪಗೆ ಸುತ್ತಿದ, ನಾರಿನಿಂದ ಬಿಗಿದ. ನೋಡಲು ಚೆಂದವಿರಲೆಂದು ಕೊನೆಯ ಸುತ್ತನ್ನು ಪಕ್ಕದ ತಿರುಗದ ಕಬ್ಬಿಣದ ಮೇಲೂ ಎಳೆದು ಗಂಟು ಹಾಕಿದ. ಕೈಗೆ ಬೆಣ್ಣೆ ಹಿಡಿದಷ್ಟು ಹಿತವಾಯಿತು.

ಹಾಗೇ ಹಂಸಭಾವಿಯ ದಾರಿ ಹಿಡಿದ. ಹಾನಗಲ್ಲಿನವರೆಗೆ ಪಟ್ಟೆ ಹಸಿ ಇತ್ತು, ಗಾಡಿ ಮಾತು ಕೇಳಿತು. ಅಲ್ಲಿ ನಿಲ್ಲಿಸಿ ಚಹಾ ಕುಡಿದು, ನೆರೆದವರೆದುರು ಒಂದಿಷ್ಟು ಬಡಾಯಿ ಕೊಚ್ಚಿ ಮುಂದೆ ಹೊರಟ. ಬಿಸಿಲು ಏರಿತು. ಹಸಿಯಾಗಿ ಕಟ್ಟಿದ ಬಾಳೆನಾರು ಒಣಗಿದಷ್ಟೂ ಬಿಗಿಯುತ್ತದೆ ಎಂಬುದು ಎಲೆತೋಟದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗೊತ್ತಿದ್ದದ್ದು ಹೊತ್ತಿಗೆ ನೆನಪಾಗಬೇಕಲ್ಲ! ಹಂಸಭಾವಿಯ ಊರಬಾಗಿಲ ಅಗಸಿಯ ಹತ್ತಿರ ಹಿಡಿಯನ್ನು ಹಿಂದಕ್ಕೆ ತಿರುವಿದರೆ ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕಾಲಿನ ಬ್ರೇಕು ಮೊದಲಿನಿಂದಲೂ ಹೆಸರಿಗಷ್ಟೇ ಇತ್ತು.

ಮಾವನ ಮನೆಯ ಮುಂದೆ ಎಲ್ಲರೂ ಕಾಯುತ್ತಿದ್ದರು. ಅತ್ತೆ ಹೊನ್ನವ್ವ ಆರತಿ ಹಿಡಿದಿದ್ದಳು. ಅಳಿಯ ಬೆದರಿದ ಹೋರಿಯ ಹಾಗೆ ಬಂದ, ‘ಆರಾಮದೀರೇನ್ರಿ ಅತ್ತಿ’ ಎಂದ, ಹೋಗೇಬಿಟ್ಟ. ಊರು ಸುತ್ತಿ ಮತ್ತೆ ಬಂದ. ಅತ್ತೆ ಆರತಿ ಎತ್ತುವಷ್ಟರಲ್ಲಿ ‘ನಿಲ್ಲವಲ್ದು’ ಎಂದಷ್ಟೇ ಹೇಳಿ ದಾಟಿದ. ಕೋಳಿಗಳು ಮಾಳಿಗೆ ಏರಿದವು, ಓಣಿಯ ಹುಡುಗರು ಕೇಕೆ ಹಾಕುತ್ತ ಬೆನ್ನು ಹತ್ತಿದರು. ಚನ್ನವೀರಪ್ಪನಿಗೆ ಹೆದರಿಕೆ, ನಾಚಿಕೆ, ಅದರ ನಡುವೆ ತಡೆಯಲಾಗದ ಹಾಳು ನಗು. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯೂ ಆಗಿತ್ತು.

ಎರಡನೆಯ ಸುತ್ತಿಗೇ ವೀರವ್ವ ಆ ಒಣ ನಾರನ್ನು ಕಂಡಳು. ಪಿಂಡಿಯ ಗಂಟು ಬಿಗಿದಾಗ ನೀರು ಹಾಕಿ ಬಿಡಿಸಿ ರೂಢಿಯಿದ್ದ ಕೈ ಅವಳದು. ತುಂಬಿದ ಕೊಡ ಎತ್ತಿಕೊಂಡು ಬೀದಿಯ ಅಂಚಿಗೆ ನಿಂತಳು. ಗಂಡ ಮತ್ತೆ ಬಂದಾಗ ಇಡೀ ಕೊಡದ ನೀರನ್ನು ಅವನ ಬಲಗೈ ಮೇಲೆ ಎರಚಿದಳು. ಗಾಡಿ ಕೆಮ್ಮಿತು, ಸೀನಿತು, ಸರಿಯಾಗಿ ಹೊಸ್ತಿಲ ಮುಂದೆ ಹೋಗಿ ಸುಮ್ಮನಾಯಿತು. ನಾರು ಸಡಿಲಾಯಿತೋ, ಎಂಜಿನ್ನಿಗೆ ನೀರು ಹೊಕ್ಕಿತೋ ಎಂದು ಅವನೂ ಕರೀಮಸಾಬನೂ ಮುಂದೆ ವರ್ಷಗಟ್ಟಲೆ ವಾದ ಮಾಡಿದರು.

ವೀರವ್ವ ಕೇಳಿದ್ದು ಬೇರೆ. ಎಡಗಡೆಯ ಹಿಡಿಯಲ್ಲೇ ಕ್ಲಚ್ ಇತ್ತು. ಅದನ್ನು ಒತ್ತಿದ್ದರೆ ಎಂಜಿನ್ ಎಷ್ಟೇ ಒದರಿದರೂ ಗಾಲಿಯನ್ನು ತಳ್ಳುತ್ತಿರಲಿಲ್ಲ. ಕರೀಮಸಾಬ ಅವಳೆದುರೇ ಅದನ್ನು ಕಲಿಸಿದ್ದ.

‘ಎಡಗೈ ಎಲ್ಲಿತ್ರಿ?’

ಎಡಗೈ ಇನ್ನೂ ತಲೆಯ ಮೇಲೆಯೇ ಇತ್ತು, ರುಮಾಲು ಹಿಡಿದುಕೊಂಡು.

‘ಮಾವಾರ ಮುಂದ ಬರಿತಲಿಲೆ ಹೆಂಗ ಬರ್ಲಿ?’ ಎಂದ ಚನ್ನವೀರಪ್ಪ.

ಇದಕ್ಕೆ ಯಾರೂ ತಪ್ಪು ಹೇಳಲಿಲ್ಲ. ಮಾವ ಕುಬೇರಪ್ಪನಂತೂ ಹೌದೆಂದು ತಲೆಯಾಡಿಸಿ ತನ್ನ ರುಮಾಲನ್ನೂ ಸರಿಮಾಡಿಕೊಂಡ.

ವೀರವ್ವ ಕುಡಗೋಲಿನಿಂದ ನಾರು ಕೊಯ್ದು ಎಸೆದಳು. ಹಳೆಯ ಕೌದಿಯ ಅರಿವೆ ಹರಿದು, ತಿರುಗದ ಕಬ್ಬಿಣದಿಂದ ಒಂದು ಬೆರಳು ಜಾಗ ಬಿಟ್ಟು, ಹಿಡಿಗೆ ಸುತ್ತಿ ಹೊಲಿದಳು. ತಿರುವಿ ಕೈ ಬಿಟ್ಟಳು. ಹಿಡಿ ತಾನೇ ಹಿಂದಕ್ಕೆ ಬಂತು.

ಮರುದಿನ ಬೆಳಿಗ್ಗೆ ಗಾಡಿ ಒಣಗಿ ಶುರುವಾಯಿತು. ಚಕ್ಕಡಿ ಕಟ್ಟಲು ಹೇಳುತ್ತಾಳೇನೋ ಎಂದು ಚನ್ನವೀರಪ್ಪ ಹೊಸ್ತಿಲ ಕಡೆಗೇ ನೋಡುತ್ತಿದ್ದ. ಅವಳು ಬಂದಳು. ಅಪ್ಪ, ಅವ್ವ, ಇಡೀ ಓಣಿ ನೋಡುತ್ತಿರುವಂತೆ ಗಂಡನ ತಲೆಯಿಂದ ರುಮಾಲು ತೆಗೆದು, ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

‘ಇದನ್ನ ನಾ ಹಿಡಕೋತೇನಿ. ನೀವು ಎರಡೂ ಕೈಲೆ ಅದನ್ನ ಹಿಡೀರಿ.’

ದಾರಿಯುದ್ದಕ್ಕೂ ತಲೆಗೆ ಗಾಳಿ ಬಡಿಯಿತು, ಇಬ್ಬರೂ ಕಾರಣವಿಲ್ಲದೆ ನಕ್ಕರು. ಸವಣೂರಿನ ಎಲೆಪೇಟೆ ಹತ್ತಿರವಾದಾಗ ಅವನು ರುಮಾಲಿಗೆಂದು ಎಡಗೈ ಹಿಂದೆ ಚಾಚಿದ. ವೀರವ್ವ ಆ ಕೈ ಹಿಡಿದು ಗಾಡಿಯ ಹಿಡಿಯ ಮೇಲೆಯೇ ಇಟ್ಟಳು. ಪೇಟೆಯ ಜನವೆಲ್ಲ ಎದ್ದು ನೋಡುತ್ತಿರಲು, ಚನ್ನವೀರಪ್ಪ ಬರಿತಲೆಯಲ್ಲೇ ಹೆಂಡತಿಯನ್ನು ಮನೆಗೆ ಕರೆದೊಯ್ದ.